ಎಳೆಯುವ ಕುದುರೆಗೆ ಯಾವ ಕಡಿವಾಣ?

ಬೆಂಗಳೂರು, ಮೈಸೂರಿನ ರೇಸ್ ಕೋರ್ಸ್‌ಗಳಲ್ಲಿ ಓಡಿ ನಿವೃತ್ತಿಯಾದ ಥರೋಬ್ರೆಡ್ ಕುದುರೆಗಳಲ್ಲಿ ಎಷ್ಟೋ ಕುದುರೆಗಳು ಸವಾರಿ ಶಾಲೆಗಳಿಗೆ ಬರುತ್ತವೆ. ವಯಸ್ಸು ಇನ್ನೂ ನಾಲ್ಕೈದು, ಮೈಕಟ್ಟು ಚೆನ್ನಾಗಿರುತ್ತದೆ, ಬೆಲೆಯೂ ಕೈಗೆಟುಕುತ್ತದೆ. ಬಂದ ಸ್ವಲ್ಪ ದಿನಕ್ಕೆ ದೂರು ಶುರುವಾಗುತ್ತದೆ. "ಲಗಾಮು ಹಿಡಿದಷ್ಟೂ ಜಾಸ್ತಿ ಓಡತ್ತೆ." "ತಲೆ ಮೇಲಕ್ಕೆತ್ತಿಬಿಡತ್ತೆ." "ಭುಜ ಕಿತ್ತು ಬರೋ ಹಾಗೆ ಎಳೆಯತ್ತೆ." ಆಗ ಲಾಯದಲ್ಲಿ ಯಾರಾದರೊಬ್ಬರು ಹೇಳುತ್ತಾರೆ: "ಇದಕ್ಕೆ ಸ್ವಲ್ಪ ಜೋರಾದ ಬಿಟ್ ಹಾಕಿ ಸಾರ್, ಸರಿಹೋಗತ್ತೆ."

ಬಿಟ್ ಅಂದರೆ ಕುದುರೆಯ ಬಾಯೊಳಗೆ ಕೂರುವ ಲೋಹದ ಕಡಿವಾಣ. ಅದನ್ನು ಬದಲಿಸುವುದರಿಂದ ಕೆಲವು ಕುದುರೆಗಳಿಗೆ ನಿಜಕ್ಕೂ ಉಪಯೋಗ ಆಗುತ್ತದೆ. ಆದರೆ ಜೋರಾದ ಕಡಿವಾಣ ಕೊನೆಯಲ್ಲಿ ಯೋಚಿಸಬೇಕಾದ ಸಂಗತಿ. ನಮ್ಮಲ್ಲಿ ಅದೇ ಮೊದಲ ಸಲಹೆಯಾಗಿ ಬರುತ್ತದೆ. ಈ ಕ್ರಮ ತಲೆಕೆಳಗಾದಾಗ ಕುದುರೆಯ ಬಾಯಿ ಹಾಳಾಗುತ್ತದೆ, ಸವಾರನಿಗೂ ಅಪಾಯ.

ರೇಸ್ ಕುದುರೆ ಯಾಕೆ ಎಳೆಯುತ್ತದೆ ಅನ್ನುವುದನ್ನು ಮೊದಲು ನೋಡೋಣ. ಓಡುವಾಗ ಜಾಕಿ ಎರಡೂ ಲಗಾಮುಗಳನ್ನು ಕುತ್ತಿಗೆಯ ಮೇಲೆ ಒಂದರ ಮೇಲೊಂದು ಸೇರಿಸಿ ಬಿಗಿಯಾಗಿ ಹಿಡಿಯುತ್ತಾನೆ. ಕುದುರೆ ಆ ಹಿಡಿತಕ್ಕೆ ಒರಗಿಕೊಂಡು, ಅದರಿಂದಲೇ ತನ್ನ ತೂಕವನ್ನು ಸಂಭಾಳಿಸಿಕೊಂಡು ಓಡುವುದನ್ನು ಕಲಿಯುತ್ತದೆ. ಬಿಗಿ ಹಿಡಿತ ಅಂದರೆ ಅದಕ್ಕೆ 'ಓಡು' ಅಂತ ಅರ್ಥ. ಅದೇ ಕುದುರೆಯ ಮೇಲೆ ಹೊಸ ಸವಾರ ಕೂತು, ಹೆದರಿ, ನಿಲ್ಲಿಸಲು ಎರಡೂ ಕೈಯಿಂದ ಎಳೆದರೆ ಏನಾಗುತ್ತದೆ? ಅದು ಕಲಿತದ್ದನ್ನೇ ಮಾಡುತ್ತದೆ. ಇದನ್ನು ಹಟ ಅನ್ನುವುದು ಅನ್ಯಾಯ. ಅದರ ಬಾಯಲ್ಲಿ ಯಾವ ಲೋಹ ಇಟ್ಟರೂ, ಎಳೆತದ ಅರ್ಥ ಬದಲಾಗದ ಹೊರತು ಸಮಸ್ಯೆ ಹಾಗೇ ಉಳಿಯುತ್ತದೆ.

ಇನ್ನು ಬಾಯಿಯ ರಚನೆ. ಕುದುರೆಯ ಮುಂದಿನ ಬಾಚಿಹಲ್ಲುಗಳಿಗೂ ಹಿಂದಿನ ದವಡೆಹಲ್ಲುಗಳಿಗೂ ನಡುವೆ ಹಲ್ಲಿಲ್ಲದ ಜಾಗ ಇದೆ. ಸವಾರರು ಇದನ್ನು ಬಾರ್ ಅನ್ನುತ್ತಾರೆ. ಕಡಿವಾಣ ಕೂರುವುದು ಇಲ್ಲೇ. ಗಂಡು ಕುದುರೆಗೆ ಈ ಜಾಗದಲ್ಲಿ ಕೋರೆಹಲ್ಲೂ ಇರುತ್ತದೆ, ಹಾಗಾಗಿ ಸಾಮಾನ್ಯವಾಗಿ ಗಂಡಿಗೆ 40 ಹಲ್ಲು, ಹೆಣ್ಣಿಗೆ 36. ಬಾರ್‌ನ ವಸಡು ತುಂಬಾ ತೆಳು, ಅದರ ಕೆಳಗೆ ನೇರವಾಗಿ ದವಡೆ ಎಲುಬಿನ ಚೂಪು ಅಂಚು. ನಿಮ್ಮ ಮೊಣಕಾಲಿನ ಕೆಳಗಿನ ಎಲುಬಿನ ಅಂಚನ್ನು ಒಂದು ಸ್ಪ್ಯಾನರ್‌ನಿಂದ ಒತ್ತಿ ನೋಡಿ. ಬಾರ್ ಮೇಲೆ ಬೀಳುವ ಒತ್ತಡ ಎಂಥದ್ದು ಅಂತ ಅಂದಾಜಾಗುತ್ತದೆ.

ಬಾರ್ ಅಲ್ಲದೆ ನಾಲಿಗೆ, ಕಟವಾಯಿ, ಮೇಲಿನ ಅಂಗುಳ, ಗದ್ದದ ಕೆಳಗಿನ ತಗ್ಗು, ಕಿವಿಗಳ ಹಿಂದಿನ ನೆತ್ತಿ, ಮೂಗಿನ ಎಲುಬು ಇವೂ ಒತ್ತಡ ಬೀಳುವ ಜಾಗಗಳು. ಯಾವ ಕಡಿವಾಣವೇ ಆಗಲಿ, ಇವುಗಳಲ್ಲಿ ಎಲ್ಲಿ ಎಷ್ಟು ಒತ್ತುತ್ತದೆ ಅನ್ನುವುದರಲ್ಲೇ ಅದರ ಗುಣ ಇದೆ. ಇನ್ನೊಂದು ಮಾತು: ಬಾಯಿ ಮುಚ್ಚಿದಾಗ ಒಳಗೆ ಖಾಲಿ ಜಾಗ ಇರುವುದಿಲ್ಲ, ನಾಲಿಗೆಯೇ ತುಂಬಿರುತ್ತದೆ. ಹಿಲರಿ ಕ್ಲೇಟನ್ ಎಂಬ ವಿಜ್ಞಾನಿ ಕಡಿವಾಣ ಹಾಕಿದ ಕುದುರೆಗಳ ಬಾಯಿಯನ್ನು ಎಕ್ಸ್‌ರೇಯಲ್ಲಿ ನೋಡಿ ಅಧ್ಯಯನ ಮಾಡಿದರು. ಲೋಹದ ಸರಳು ನಾಲಿಗೆಯನ್ನು ಒತ್ತಿಕೊಂಡೇ ಕೂರುವುದು ಅಲ್ಲಿ ಕಂಡಿತು. ಸರಳು ದಪ್ಪ ಇದ್ದರೆ ಮೃದು ಅನ್ನುವ ಹಳೆಯ ನಂಬಿಕೆ ಆದ್ದರಿಂದ ಎಲ್ಲ ಕುದುರೆಗೂ ಹೊಂದುವುದಿಲ್ಲ. ನಾಲಿಗೆ ದಪ್ಪ, ಅಂಗುಳ ತಗ್ಗು ಇರುವ ಕುದುರೆಗೆ ದಪ್ಪ ಸರಳು ಇಡೀ ಹೊತ್ತು ಬಾಯಿ ತುಂಬಿಸಿ ಹಿಂಸೆ ಕೊಡುತ್ತದೆ.

ಗಾಯ ಹೊರಗೆ ಕಾಣದಿದ್ದರೆ ಬಾಯಿ ಚೆನ್ನಾಗಿದೆ ಅಂದುಕೊಳ್ಳಬೇಡಿ. ಫಿನ್ಲೆಂಡಿನಲ್ಲಿ ಗಾಡಿ ರೇಸ್ ಮುಗಿಸಿದ 261 ಕುದುರೆಗಳ ಬಾಯನ್ನು ಪಶುವೈದ್ಯರು ಪರೀಕ್ಷಿಸಿದರು. 2019ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ನೂರಕ್ಕೆ 84ರಷ್ಟು ಕುದುರೆಗಳಿಗೆ ಕಡಿವಾಣ ಕೂರುವ ಜಾಗದಲ್ಲಿ ಹೊಸ ಗಾಯಗಳಿದ್ದವು. ಹೊರಗೆ ರಕ್ತ ಕಂಡದ್ದು ಮಾತ್ರ ತೀರಾ ಕೆಲವಕ್ಕೆ. ಅವು ನಮ್ಮ ಸವಾರಿ ಕುದುರೆಗಳಲ್ಲ, ನಿಜ. ಆದರೂ ಬಾಯೊಳಗೆ ಕೈಹಾಕಿ ನೋಡದೆ ಏನೂ ಗೊತ್ತಾಗುವುದಿಲ್ಲ ಅನ್ನುವುದಕ್ಕೆ ಇಷ್ಟು ಸಾಕು.

ಹಾಗಾಗಿ ಅಂಗಡಿಗೆ ಹೋಗುವ ಮೊದಲು ಪಶುವೈದ್ಯರನ್ನು ಕರೆಸಿ. ಕುದುರೆಯ ದವಡೆಹಲ್ಲು ಜೀವನಪೂರ್ತಿ ಮೇಲೇಳುತ್ತಲೇ ಇರುತ್ತದೆ. ಅಂಚುಗಳು ಚೂಪಾಗಿ ಕೆನ್ನೆಯ ಒಳಭಾಗವನ್ನು ಕೊಯ್ಯುತ್ತವೆ. ಮೂಗುಪಟ್ಟಿ ಆ ಕೆನ್ನೆಯನ್ನು ಹಲ್ಲಿಗೇ ಒತ್ತುತ್ತದೆ. ಅರ ಹಾಕಿಸಿ ಅಂಚು ನಯ ಮಾಡಿಸಿದ ಮೇಲೆ ತಲೆ ಕೊಡವುವುದನ್ನೇ ಬಿಟ್ಟ ಕುದುರೆಗಳಿವೆ. ದವಡೆಹಲ್ಲಿನ ಸಾಲಿನ ಮುಂದೆ ಕೆಲವು ಕುದುರೆಗಳಿಗೆ ವುಲ್ಫ್ ಟೂತ್ ಎಂಬ ಪುಟ್ಟ ಹಲ್ಲು ಇರುತ್ತದೆ. ಕಡಿವಾಣ ಅದಕ್ಕೆ ತಾಗಿದರೆ ನೋವು. ಬೇಕಿದ್ದರೆ ವೈದ್ಯರು ಅದನ್ನು ಕೀಳುತ್ತಾರೆ. ಎರಡೂವರೆಯಿಂದ ನಾಲ್ಕೂವರೆ ವರ್ಷದ ನಡುವೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುತ್ತಿರುತ್ತದೆ, ರೇಸ್‌ನಿಂದ ಬಂದ ಎಳೆ ಕುದುರೆಗಳ ಬಾಯಿ ಸಮಸ್ಯೆಗೆ ಎಷ್ಟೋ ಸಲ ಇದೇ ಕಾರಣ. ನಾಲಿಗೆಯ ಮೇಲೆ ಹಳೆಯ ಕೊಯ್ತದ ಗುರುತು, ಬಾರ್ ಮೇಲೆ ಗಂಟು ಇದೆಯಾ ಅಂತಲೂ ನೋಡಿಸಿ.

ಬಾಯಿಯಾದ ಮೇಲೆ ಬೆನ್ನು. ಜೀನು ಹೆಗಲಿನ ಹತ್ತಿರ ಕಚ್ಚುತ್ತಿದ್ದರೆ ಕುದುರೆ ಬೆನ್ನು ತಗ್ಗಿಸಿ, ತಲೆ ಎತ್ತಿ, ನೋವಿನಿಂದ ಓಡುತ್ತದೆ. ಸವಾರನಿಗೆ ಅದು ಬಾಯಿಯ ತೊಂದರೆ ಅನ್ನಿಸುತ್ತದೆ. ಆಮೇಲೆ ಮೇವು. ರೇಸ್‌ನ ಕಾಲದ ಓಟ್ಸ್, ಹುರುಳಿ ಅಷ್ಟೇ ಪ್ರಮಾಣದಲ್ಲಿ ಹಾಕಿ, ದಿನದ ಹೆಚ್ಚಿನ ಹೊತ್ತು ಲಾಯದೊಳಗೆ ಕಟ್ಟಿ, ಸಂಜೆ ಅರ್ಧ ಗಂಟೆ ಮಕ್ಕಳನ್ನು ಕೂರಿಸಿದರೆ ಅದು ಓಡದೆ ಇನ್ನೇನು ಮಾಡೀತು? ಹುಲ್ಲು ಜಾಸ್ತಿ, ಕಾಳು ಕಡಿಮೆ, ಬಿಡಾಡಿಯಾಗಿ ಓಡಾಡಲು ಜಾಗ, ಇಷ್ಟರಿಂದಲೇ ಅರ್ಧ ಎಳೆತ ಇಳಿಯುವ ಕುದುರೆಗಳಿವೆ. ಕಡೆಯದಾಗಿ ಸವಾರನ ಕೈ. ಟ್ರಾಟ್‌ನಲ್ಲಿ (ಕುದುರೆ ಪುಟಿಯುತ್ತಾ ಹೋಗುವ ನಿಧಾನ ಓಟದಲ್ಲಿ) ಕೂರಲು ಲಗಾಮನ್ನೇ ಆಧಾರ ಮಾಡಿಕೊಳ್ಳುವವರ ಕೈಗೆ ಜೋರಾದ ಕಡಿವಾಣ ಕೊಡಲೇಬಾರದು. ಈ ವಿಷಯದಲ್ಲಿ ನಾನು ರಾಜಿ ಆಗುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ಸಮಸ್ಯೆ ಉಳಿದರೆ ಕಡಿವಾಣದ ಕಡೆ ಬರೋಣ.

ಹೆಸರುಗಳು ನೂರಾರು, ಆದರೆ ಕೆಲಸ ಮಾಡುವ ರೀತಿ ಮುಖ್ಯವಾಗಿ ಎರಡೇ. ಒಂದು ಸ್ನ್ಯಾಫಲ್. ಬಾಯೊಳಗಿನ ಸರಳಿನ ಎರಡು ತುದಿಗೆ ರಿಂಗ್, ಲಗಾಮು ನೇರ ರಿಂಗಿಗೆ. ಕೈಯಲ್ಲಿ ಒಂದು ಕಿಲೋದಷ್ಟು ಎಳೆದರೆ ಬಾಯಲ್ಲೂ ಒಂದು ಕಿಲೋದಷ್ಟೇ. ಇನ್ನೊಂದು ಸನ್ನೆಯ (ಲಿವರ್) ತತ್ವದ ಮೇಲೆ ಕೆಲಸ ಮಾಡುವ ಕರ್ಬ್. ಸರಳಿನ ಎರಡೂ ಬದಿ ಉದ್ದದ ಕಂಬಿ ಇರುತ್ತದೆ. ಕಂಬಿಯ ಮೇಲ್ತುದಿಗೆ ಕೆನ್ನೆಪಟ್ಟಿ ಮತ್ತು ಗದ್ದದ ಸರಪಳಿ, ಕೆಳತುದಿಗೆ ಲಗಾಮು.

ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು, ಯಾಕೆಂದರೆ ಬಹಳ ಜನ ಇದನ್ನು ಅರಿಯದೆಯೇ ಕರ್ಬ್ ಹಾಕುತ್ತಾರೆ. ಸರಳಿನಿಂದ ಮೇಲೆ 5 ಸೆಂಟಿಮೀಟರ್, ಕೆಳಗೆ 10 ಸೆಂಟಿಮೀಟರ್ ಕಂಬಿ ಇದೆ ಅಂದುಕೊಳ್ಳಿ. ಲಗಾಮಿನಲ್ಲಿ ಒಂದು ಕಿಲೋದಷ್ಟು ಎಳೆದಿರಿ. ಕೆಳಗಿನ ಭಾಗ ಮೇಲಿನದರ ಎರಡರಷ್ಟು ಉದ್ದ ಇರುವುದರಿಂದ ಮೇಲ್ತುದಿಯಲ್ಲಿ, ಅಂದರೆ ಗದ್ದದ ಸರಪಳಿಯ ಮೇಲೆ, ಸುಮಾರು ಎರಡು ಕಿಲೋದಷ್ಟು ಬೀಳುತ್ತದೆ. ಸನ್ನೆಯ ಆಧಾರ ಬಾಯೊಳಗಿನ ಸರಳು. ಅದರ ಮೇಲೆ ಎರಡೂ ಸೇರುತ್ತವೆ: ಒಂದು ಮತ್ತು ಎರಡು, ಒಟ್ಟು ಮೂರು ಕಿಲೋ. ಕೆಳಗಿನ ಕಂಬಿ ಉದ್ದವಾದಷ್ಟೂ, ಮೇಲಿನದು ಗಿಡ್ಡವಾದಷ್ಟೂ ಈ ಗುಣಾಕಾರ ಏರುತ್ತದೆ. ಕೊಳ್ಳುವಾಗ ಅಂಗಡಿಯಲ್ಲೇ ಎರಡು ಭಾಗವನ್ನೂ ಅಳೆದು ನೋಡಿ.

ಪೆಲ್ಹಾಮ್ ಈ ಎರಡನ್ನೂ ಒಟ್ಟಿಗೆ ಕೊಡುವ ಪ್ರಯತ್ನ. ಎರಡು ಜೊತೆ ಲಗಾಮು: ಮೇಲಿನದು ಹೆಚ್ಚು ಕಡಿಮೆ ಸ್ನ್ಯಾಫಲ್‌ನಂತೆ, ಕೆಳಗಿನದು ಕರ್ಬ್‌ನಂತೆ. ಕಿಂಬಲ್‌ವಿಕ್‌ನಲ್ಲಿ ಒಂದೇ ಜೊತೆ ಲಗಾಮು, ಸನ್ನೆ ಪುಟ್ಟದು. ಪೋಲೋದಲ್ಲಿ ಹೆಚ್ಚು ಕಾಣುವ ಗ್ಯಾಗ್ ಬೇರೆಯೇ ಥರ. ಎಳೆದಾಗ ಸರಳು ಬಾಯಲ್ಲಿ ಮೇಲಕ್ಕೆ ಜಾರಿ ಕಟವಾಯಿಯನ್ನು ಮೇಲಕ್ಕೆ ಎಳೆಯುತ್ತದೆ, ಅದೇ ಹೊತ್ತಿಗೆ ನೆತ್ತಿಯನ್ನು ಕೆಳಕ್ಕೆ ಒತ್ತುತ್ತದೆ. ಒಂದು ಒತ್ತಡ 'ತಲೆ ಎತ್ತು' ಅನ್ನುತ್ತದೆ, ಇನ್ನೊಂದು 'ತಗ್ಗಿಸು' ಅನ್ನುತ್ತದೆ. ನುರಿತ ಕೈಗೆ ಸರಿ, ಕಲಿಯುವವರಿಗೆ ಬೇಡ.

ಅಮೆರಿಕದ ಕೌಬಾಯ್ ಸವಾರಿಯಲ್ಲಿ 'ಕರೆಕ್ಷನ್ ಬಿಟ್' ಅಂತಲೇ ಒಂದಿದೆ. ಹೆಸರು ಕೇಳಿ ಆನ್‌ಲೈನ್‌ನಲ್ಲಿ ತರಿಸಿಕೊಳ್ಳುವವರಿದ್ದಾರೆ, ಆದ್ದರಿಂದ ಹೇಳಬೇಕು. ಇದರ ಸರಳಿನ ನಡುವೆ ಅಗಲವಾದ ಕಮಾನು, ಆ ಕಮಾನಿನ ಎರಡೂ ಬುಡದಲ್ಲಿ ಕೀಲು, ಬದಿಗಳಲ್ಲಿ ಉದ್ದ ಕಂಬಿ. ಎಳೆದಾಗ ಕೀಲುಗಳು ಮಡಚಿ ನಾಲಿಗೆ, ಬಾರ್, ಗದ್ದ, ನೆತ್ತಿ ಎಲ್ಲ ಕಡೆ ಒಟ್ಟಿಗೆ ಒತ್ತಡ ಬೀಳುತ್ತದೆ. ಒಂದೇ ಕೈಯಲ್ಲಿ ಸಡಿಲ ಲಗಾಮು ಹಿಡಿದು, ಬೆರಳು ಅಲುಗಿಸಿದರೆ ಸಾಕು ಅನ್ನುವ ಮಟ್ಟಕ್ಕೆ ಪಳಗಿದ ಕುದುರೆಗಾಗಿ ಇದು. ಬಿಗಿ ಹಿಡಿತಕ್ಕೆ ಒರಗುವ ರೇಸ್ ಕುದುರೆಗೆ ಇದನ್ನು ಹಾಕಿದರೆ ಅದು ಹಿಂಗಾಲಿನ ಮೇಲೆ ನಿಂತು ಹಿಂದಕ್ಕೆ ಬೀಳುವ ಅಪಾಯ ಇದೆ.

ಈಗ ದೂರುಗಳಿಗೆ ಬರೋಣ. ಕೈಗೆ ಭಾರ ಹಾಕಿ ಒರಗುವ ಕುದುರೆಗೆ ನಾನು ಮೊದಲು ನೋಡುವುದು ಎರಡು ಕೀಲಿನ, ನಡುವೆ ಪುಟ್ಟ ಗುಂಡು ಇರುವ, ಸಡಿಲ ರಿಂಗಿನ ಸ್ನ್ಯಾಫಲ್. ಸರಳು ಬಾಯಲ್ಲಿ ಸ್ವಲ್ಪ ಅಲುಗಾಡುತ್ತಲೇ ಇರುವುದರಿಂದ ಒರಗಿಕೊಳ್ಳಲು ಗಟ್ಟಿ ಆಧಾರ ಸಿಗುವುದಿಲ್ಲ. ಜೊತೆಗೆ ಸವಾರ ಎಳೆತದ ಪೈಪೋಟಿಗೆ ಇಳಿಯಬಾರದು. ಒಂದು ಕ್ಷಣ ಹಿಡಿ, ಕುದುರೆ ಎಳ್ಳಷ್ಟು ಬಿಟ್ಟುಕೊಟ್ಟರೂ ತಕ್ಷಣ ಸಡಿಲಿಸು. ನಡಿಗೆಯಿಂದ ನಿಲುಗಡೆ, ಟ್ರಾಟ್‌ನಿಂದ ನಡಿಗೆ, ಇದನ್ನೇ ಮತ್ತೆ ಮತ್ತೆ ಮಾಡಿಸುವುದು. ಕುದುರೆಗೆ ಪಾಠ ಆಗುವುದು ಒತ್ತಡ ಹೋದ ಆ ಕ್ಷಣದಲ್ಲಿ. ಅರ್ಧ ನಿಮಿಷ ತಡವಾಗಿ ಸಡಿಲಿಸಿದರೆ ಅದು ಏನನ್ನೂ ಕಲಿಯುವುದಿಲ್ಲ.

ತಲೆ ಮೇಲಕ್ಕೆ ಎಸೆಯುವ ಕುದುರೆಗೆ ಜೋರಾದ ಕಡಿವಾಣ ಹಾಕಿದರೆ ಪರಿಸ್ಥಿತಿ ಕೆಡುತ್ತದೆ. ತಲೆ ಎತ್ತುವುದೇ ನೋವಿನಿಂದ ತಪ್ಪಿಸಿಕೊಳ್ಳುವ ದಾರಿ. ತಲೆ ಎತ್ತಿದಾಗ ಸರಳು ಬಾರ್‌ನಿಂದ ಜಾರಿ ಕಟವಾಯಿಗೆ, ದವಡೆಹಲ್ಲಿನ ಕಡೆಗೆ ಬರುತ್ತದೆ. ಇಲ್ಲಿ ಮತ್ತೆ ಹಲ್ಲು, ಬೆನ್ನು ನೋಡಿಸಿ. ಸವಾರನ ಸುರಕ್ಷತೆಗೆ ಸದ್ಯಕ್ಕೆ ಏನಾದರೂ ಬೇಕೇ ಬೇಕು ಅಂದರೆ ಸರಿಯಾದ ಉದ್ದದ ರನ್ನಿಂಗ್ ಮಾರ್ಟಿಂಗೇಲ್ (ಎದೆಯ ಕಡೆಯಿಂದ ಬಂದು, ತುದಿಯ ರಿಂಗುಗಳಿಂದ ಲಗಾಮನ್ನು ಕೆಳಗೆ ಹಿಡಿಯುವ ಪಟ್ಟಿ) ಕಡಿಮೆ ಕೆಟ್ಟದ್ದು.

ನಾಲಿಗೆಯನ್ನು ಸರಳಿನ ಮೇಲೆ ಹಾಕಿಕೊಳ್ಳುವ ಕುದುರೆಗಳಿಗೆ ಎಷ್ಟೋ ಸಲ ಕಡಿವಾಣ ತೀರಾ ಕೆಳಗೆ ನೇತಾಡುತ್ತಿರುತ್ತದೆ, ಇಲ್ಲವೇ ಒಂದೇ ಕೀಲಿನ ಸರಳು ಅಗಲ ಜಾಸ್ತಿಯಾಗಿ ನಡುವೆ ಜೋತುಬಿದ್ದಿರುತ್ತದೆ. ಅಳತೆ ಸರಿಮಾಡಿದರೆ ಕೆಲವು ನಿಲ್ಲಿಸುತ್ತವೆ. ಉಳಿದವಕ್ಕೆ ನಾಲಿಗೆಗೆ ಜಾಗ ಬಿಡುವ ಪುಟ್ಟ ಕಮಾನಿನ ಸರಳು ಪ್ರಯತ್ನಿಸಬಹುದು. ರೇಸ್‌ನವರು ಸರಳನ್ನು ಮೇಲೆತ್ತಿ ಹಿಡಿಯಲು ಆಸ್ಟ್ರೇಲಿಯನ್ ಚೀಕರ್ ಎಂಬ ರಬ್ಬರ್ ಪಟ್ಟಿ ಬಳಸುತ್ತಾರೆ. ನಾಲಿಗೆ ಕಟ್ಟುವ ಪದ್ಧತಿಯನ್ನು ಮಾತ್ರ ಸವಾರಿ ಶಾಲೆಗೆ ತರಬೇಡಿ. ಒಂದು ಕಡೆಗೆ ತಿರುಗದ ಕುದುರೆಗೆ ಬದಿಯಲ್ಲಿ ನೀಳ ಕಡ್ಡಿ ಇರುವ ಫುಲ್ ಚೀಕ್ ಸ್ನ್ಯಾಫಲ್ ನೆರವಾಗುತ್ತದೆ. ಸರಳು ಬಾಯಿಂದ ಆಚೆ ಜಾರುವುದಿಲ್ಲ, ಕೆನ್ನೆಗೆ ಸೂಚನೆ ಸ್ಪಷ್ಟವಾಗಿ ತಾಗುತ್ತದೆ.

ಗುಂಪಿನಲ್ಲಿ ಹೊರಟಾಗ ಹಿಡಿತಕ್ಕೇ ಸಿಗದೆ ಓಡುವ ಕುದುರೆ ಇದ್ದರೆ, ಸವಾರನ ಕೈ ಪಳಗಿದ್ದರೆ, ಆಗ ಸ್ವಲ್ಪ ಕಾಲಕ್ಕೆ ಗಿಡ್ಡ ಕಂಬಿಯ ಪೆಲ್ಹಾಮ್ ಅಥವಾ ಕಿಂಬಲ್‌ವಿಕ್ ಸರಿ. ಪೆಲ್ಹಾಮ್‌ಗೆ ಎರಡು ಜೊತೆ ಲಗಾಮೇ ಇರಲಿ. ಕೆಳಗಿನದು ಬೇಕಾದಾಗ ಮಾತ್ರ.

ಬಳಸಲೇಬಾರದ್ದು ಯಾವುದು ಅನ್ನುವುದನ್ನೂ ಹೇಳಿಬಿಡುತ್ತೇನೆ. ಮದುವೆ ಮೆರವಣಿಗೆಯ ಕುದುರೆ, ಗಾಡಿ ಕುದುರೆಗಳ ಬಾಯಲ್ಲಿ ಕೆಲವೆಡೆ ಈಗಲೂ ಮುಳ್ಳಿನ ಕಡಿವಾಣ ಕಾಣುತ್ತದೆ. ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಗಳಿಗೆ ಸಂಬಂಧಿಸಿದ 1965ರ ಕೇಂದ್ರ ನಿಯಮಗಳು ಮುಳ್ಳು, ಗುಬುಟು, ಚೂಪು ಭಾಗಗಳಿರುವ ಕಡಿವಾಣವನ್ನು ನಿಷೇಧಿಸುತ್ತವೆ. ಅರ್ಧ ಶತಮಾನ ದಾಟಿದ ನಿಯಮ ಇದು. ಹೆಣೆದ ತಂತಿಯ ಸರಳು, ಸೈಕಲ್ ಚೈನಿನಂಥ ಸರಳು ಇವೂ ಬಾಯಿ ಕೊಯ್ಯುತ್ತವೆ. ಯಾರಾದರೂ ಮಾರಲು ಬಂದರೆ ಬೇಡ ಅಂತ ನೇರವಾಗಿ ಹೇಳಿ.

ಇನ್ನು ಅಳತೆ. ಒಂದು ಗಟ್ಟಿ ದಾರ ಅಥವಾ ನಯವಾದ ತೆಳು ಕೋಲು ತೆಗೆದುಕೊಳ್ಳಿ. ಕಡಿವಾಣ ಕೂರುವ ಜಾಗದಲ್ಲಿ ಬಾಯೊಳಗೆ ಹಾಯಿಸಿ, ಎರಡು ಕಟವಾಯಿಯ ಹೊರಗೆ ಗುರುತು ಮಾಡಿ. ತುಟಿ ಒತ್ತಬೇಡಿ. ಸಡಿಲ ರಿಂಗಿನದಾದರೆ ಎರಡೂ ಬದಿ ಐದಾರು ಮಿಲಿಮೀಟರ್ ಹೆಚ್ಚು ಬೇಕು, ಇಲ್ಲದಿದ್ದರೆ ರಿಂಗಿನ ತೂತು ತುಟಿಯನ್ನು ಚಿವುಟುತ್ತದೆ. ರಿಂಗ್ ಅಲುಗದ ನಮೂನೆ, ಪೆಲ್ಹಾಮ್ ಇವಕ್ಕೆ ಎರಡು ಮೂರು ಮಿಲಿಮೀಟರ್ ಸಾಕು. ಥರೋಬ್ರೆಡ್‌ಗಳಿಗೆ ಸಾಮಾನ್ಯವಾಗಿ 5 ಇಂಚು, ಅಂದರೆ 12.5 ಸೆಂಟಿಮೀಟರ್ ಸುತ್ತಮುತ್ತ ಹೊಂದುತ್ತದೆ. ಆದರೂ ಅಳೆಯದೆ ತರಬೇಡಿ. ಕೊಳ್ಳುವಾಗ ಸರಳಿನ ಮೇಲೆ, ಕೀಲಿನ ಒಳಗೆ, ರಿಂಗಿನ ತೂತಿನ ಸುತ್ತ ಹಳೆಯ ನೈಲಾನ್ ಕಾಲುಚೀಲ ಎಳೆದು ನೋಡಿ. ದಾರ ಸಿಕ್ಕಿಕೊಂಡರೆ ಅಲ್ಲಿ ಚೂಪು ಇದೆ. ಸ್ಟೇನ್‌ಲೆಸ್ ಸ್ಟೀಲ್ ಒಳ್ಳೆಯದು. ಅಗ್ಗದ ನಿಕಲ್ ಲೇಪನ ಸಿಪ್ಪೆ ಏಳುತ್ತದೆ, ಸಿಪ್ಪೆಯ ಅಂಚು ಬ್ಲೇಡಿನಷ್ಟೇ ಹರಿತ.

ಎತ್ತರದ ವಿಷಯದಲ್ಲಿ 'ಕಟವಾಯಲ್ಲಿ ಎರಡು ಸುಕ್ಕು' ಅನ್ನುವ ಮಾತು ಎಲ್ಲರ ಬಾಯಲ್ಲಿದೆ. ಸ್ನ್ಯಾಫಲ್‌ಗೆ ಅದು ಶುರುವಿನ ಅಂದಾಜು ಮಾತ್ರ. ತುಟಿ ದಪ್ಪ ಇರುವ ಕುದುರೆಗೆ ಸುಕ್ಕು ಬೇಗ ಬರುತ್ತದೆ. ತುಟಿ ಎತ್ತಿ ಒಳಗೆ ನೋಡಿ: ಸರಳು ಹಿಂದೆ ದವಡೆಹಲ್ಲಿಗೂ ಮುಂದೆ ಕೋರೆಹಲ್ಲಿಗೂ ತಾಗಬಾರದು. ಆಮೇಲೆ ಲಗಾಮನ್ನು ಮೆತ್ತಗೆ ಹಿಡಿದು ಇನ್ನೊಮ್ಮೆ ನೋಡಿ, ಯಾಕೆಂದರೆ ಒತ್ತಡ ಬಿದ್ದಾಗ ಸರಳು ಸರಿಯುತ್ತದೆ. ಪೆಲ್ಹಾಮ್, ಕರ್ಬ್ ಕಟವಾಯಿಗೆ ತಾಗಿಕೊಂಡಿದ್ದರೆ ಸಾಕು, ಸುಕ್ಕು ಬೇಡ.

ಗದ್ದದ ಸರಪಳಿಯಲ್ಲಿ ಜಾಸ್ತಿ ತಪ್ಪು ನಡೆಯುವುದು. ಸರಪಳಿಯನ್ನು ತಿರುವುತ್ತಾ ಹೋದರೆ ಕೊಂಡಿಗಳೆಲ್ಲ ಚಪ್ಪಟೆಯಾಗಿ ಕೂರುತ್ತವೆ, ಹಾಗೆ ಮಾಡಿಯೇ ಕೊಕ್ಕೆಗೆ ಹಾಕಬೇಕು. ಗದ್ದದ ತಗ್ಗಿನಲ್ಲೇ ಕೂರಬೇಕು, ಮೇಲೆ ದವಡೆ ಎಲುಬಿನ ಮೇಲೆ ಅಲ್ಲ. ಲಗಾಮು ಎಳೆದಾಗ ಕಂಬಿ ಸುಮಾರು 45 ಡಿಗ್ರಿ ಹಿಂದೆ ಬಂದಾಗ ಸರಪಳಿ ತಾಗಬೇಕು. ಬಿಗಿ ಜಾಸ್ತಿಯಾದರೆ ಕುದುರೆಗೆ ಮುನ್ಸೂಚನೆಯೇ ಸಿಗದೆ ಏಕಾಏಕಿ ಕಚ್ಚುತ್ತದೆ. ತೀರಾ ಸಡಿಲವಾದರೆ ಕಂಬಿ ಪೂರ್ತಿ ತಿರುಗಿ ಕಡಿವಾಣದ ಕೆಲಸವೇ ಕೆಡುತ್ತದೆ. ಚರ್ಮ ಸೂಕ್ಷ್ಮ ಇದ್ದರೆ ರಬ್ಬರ್ ಕವಚ ಹಾಕಿ.

ಮೂಗುಪಟ್ಟಿಯನ್ನು ಮೂಗಿನ ಎಲುಬಿನ ಮೇಲ್ಭಾಗದಲ್ಲಿ ಎರಡು ಬೆರಳು ಹೋಗುವಷ್ಟು ಸಡಿಲ ಕಟ್ಟಿ. ಬದಿಯಲ್ಲಿ ಬೆರಳು ತೂರಿಸಿ ನೋಡುವುದು ಲೆಕ್ಕಕ್ಕಿಲ್ಲ, ಅಲ್ಲಿ ಯಾವಾಗಲೂ ಜಾಗ ಇರುತ್ತದೆ. ಬಾಯಿ ಬಿಡುತ್ತದೆ ಅಂತ ಬಿಗಿ ಮಾಡಿದರೆ, ನೋವಾಗುತ್ತಿದೆ ಅಂತ ಕುದುರೆ ಹೇಳುತ್ತಿದ್ದ ಒಂದೇ ದಾರಿ ಮುಚ್ಚಿಹೋಗುತ್ತದೆ.

ಹೊಸ ಕಡಿವಾಣವನ್ನು ಮೊದಲ ದಿನ ಸವಾರಿಯಿಲ್ಲದೆ, ಲಾಯದಲ್ಲೇ ಸ್ವಲ್ಪ ಹೊತ್ತು ಹಾಕಿ ಬಿಡಿ. ಹಾಕುವಾಗ ಹಲ್ಲಿಗೆ ಬಡಿಯಬೇಡಿ. ಹೆಬ್ಬೆರಳನ್ನು ಹಲ್ಲಿಲ್ಲದ ಜಾಗಕ್ಕೆ ತೂರಿಸಿದರೆ ಬಾಯಿ ತಾನಾಗೇ ತೆರೆಯುತ್ತದೆ. ಡಿಸೆಂಬರಿನ ಮುಂಜಾನೆ ಲೋಹ ಕೊರೆಯುತ್ತಿರುತ್ತದೆ, ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿ. ಮರುದಿನದಿಂದ ಬೇಲಿ ಇರುವ ಅಖಾಡದಲ್ಲಿ, ನಡಿಗೆ ಮತ್ತು ಟ್ರಾಟ್. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಕಡಿವಾಣ, ಮೂಗುಪಟ್ಟಿ, ಜೀನು ಎಲ್ಲ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ. ಮೊದಲ ದಿನ ಕುದುರೆ ತಟ್ಟನೆ ಹಗುರಾಯಿತು ಅಂತ ಖುಷಿಪಡಬೇಡಿ. ಹೊಸ ಜಾಗದಲ್ಲಿ ಒತ್ತಡ ಬಿದ್ದ ಗಾಬರಿಗೂ ಹಾಗಾಗುತ್ತದೆ. ಎರಡನೇ ವಾರದಲ್ಲೂ ಹಾಗೇ ಇದ್ದು, ಕುತ್ತಿಗೆ ಮುಂದೆ ಚಾಚಿ, ಕಿವಿ ಸಡಿಲವಾಗಿ, ಬಾಯಿ ಮೆತ್ತಗೆ ಇದ್ದರೆ ಹೊಂದಿಕೊಂಡಿದೆ ಅನ್ನಬಹುದು. ಗದ್ದವನ್ನು ಎದೆಗೆ ಒತ್ತಿಕೊಂಡು ಕಡಿವಾಣದಿಂದ ಹಿಂದೆ ಅಡಗುವ ಕುದುರೆ ಹೊಂದಿಕೊಂಡಿಲ್ಲ, ಹೆದರಿದೆ.

ಪೆಲ್ಹಾಮ್‌ನಂಥದ್ದು ಹಾಕಿದ್ದರೆ ಇಳಿಸುವ ದಿನವನ್ನೂ ಮೊದಲೇ ಯೋಚಿಸಿ. ಹೊರಗೆ ಗುಂಪಿನಲ್ಲಿ ಹೋಗುವಾಗ ಪೆಲ್ಹಾಮ್, ಅಖಾಡದಲ್ಲಿ ಸ್ನ್ಯಾಫಲ್ ಅಂತ ಶುರುಮಾಡಿ, ಆಮೇಲೆ ಹೊರಗೂ ಸ್ನ್ಯಾಫಲ್‌ನಲ್ಲೇ ಹೋಗಿ ನೋಡಿ. ಸವಾರಿ ಮುಗಿದ ಕೂಡಲೇ ಕಡಿವಾಣವನ್ನು ನೀರಿನಲ್ಲಿ ತೊಳೆದು, ಕಟವಾಯಿ, ಬಾರ್, ನಾಲಿಗೆಯ ಅಂಚನ್ನು ಬೆರಳಿನಿಂದ ಮುಟ್ಟಿ ನೋಡುವಂತೆ ಕುದುರೆ ನೋಡಿಕೊಳ್ಳುವ ಸೈಸ್‌ಗೂ ಹೇಳಿಕೊಡಿ. ಕೆಂಪಾಗಿದ್ದರೆ, ಊತ ಇದ್ದರೆ, ಮುಟ್ಟಿದಾಗ ಬೆಚ್ಚಿದರೆ, ಅದು ವಾಸಿಯಾಗುವ ತನಕ ಬಾಯಿಗೆ ಲೋಹ ಬೇಡ. ಅಲ್ಲಿಯವರೆಗೆ ಹಗ್ಗ ಹಿಡಿದು ನಡೆಸಬಹುದು.

ಅಳತೆ ಸರಿಯಿದ್ದು, ಬಾಯಲ್ಲಿ ಗಾಯವಿಲ್ಲದೆ, ಎರಡು ವಾರ ಕಳೆದರೂ ಎಳೆತ ಇಳಿಯದಿದ್ದರೆ ಇನ್ನೂ ಜೋರಾದದ್ದನ್ನು ಹುಡುಕಬೇಡಿ. ಕಡಿವಾಣ ತೆಗೆದಿಟ್ಟು ವೈದ್ಯರಿಗೆ ಬೆನ್ನು ಮತ್ತು ಕಾಲು ತೋರಿಸಿ, ಸಾಧ್ಯವಾದರೆ ಬೇರೆ ಸವಾರನನ್ನು ಕೂರಿಸಿ ನೋಡಿ.